ಅತ್ತೆಯವರಿಗೆ ಐಸ್‌ಕ್ರೀಂ ಮಂಜೂರು ಮಾಡಿದ ಹೊಸ ಸರ್ವರ್ ಕಂಪ್ಯೂಟರಿಗೆ

ಮಾನ್ಯರೇ,

ಆಸ್ಪತ್ರೆಯ ಮೇಲಿನ ಮಹಡಿಯ ತಂಪು ಕೋಣೆಯಲ್ಲಿ, ಗಾಜಿನ ಬಾಗಿಲ ಹಿಂದೆ ಹಸಿರು ದೀಪ ಮಿಟುಕಿಸುತ್ತ ವಿರಾಜಮಾನರಾಗಿರುವ ತಮಗೆ, ಅದೇ ಕಟ್ಟಡದ ನೆಲಮಾಳಿಗೆಯಲ್ಲಿ ಈರುಳ್ಳಿ ಘಾಟಿನ ನಡುವೆ ಬೆವರು ಒರೆಸಿಕೊಳ್ಳುತ್ತಿರುವ ಅಡುಗೆಮನೆಯ ಮೇಲ್ವಿಚಾರಕಿಯ ಸಾದರ ನಮಸ್ಕಾರಗಳು. ತಾವು ಹೊಸ ಆಪರೇಟಿಂಗ್ ಸಿಸ್ಟಂ ಧರಿಸಿ ಪಟ್ಟಕ್ಕೇರಿದ ಸುದ್ದಿ ನಮಗೆ ತಲುಪಿತು. ಅದರ ನಂತರ ಬೇರೇನೂ ತಲುಪದಿದ್ದ ಕಾರಣ ಈ ಪತ್ರ ಬರೆಯುವ ಧೈರ್ಯ ಮಾಡಿದ್ದೇನೆ.

ತಮ್ಮ ಹಿಂದಿನವರು ಮುದುಕರು, ಸದಾ ಗೊರಗೊರ ಅನ್ನುತ್ತಿದ್ದರು, ಬೇಸಿಗೆಯಲ್ಲಿ ಆಗಾಗ ಮೂರ್ಛೆ ಹೋಗುತ್ತಿದ್ದರು. ಆದರೂ ವಾರ್ಡಿನ ನರ್ಸಮ್ಮ ಯಾವ ಹಾಸಿಗೆಗೆ ಉಪ್ಪಿಲ್ಲದ ಊಟ, ಯಾವುದಕ್ಕೆ ಬರೀ ಹಾಲು ಎಂದು ಅಲ್ಲಿನ ಹಳೆಯ ಕಂಪ್ಯೂಟರಿನಲ್ಲಿ ಬರೆದರೆ ಸಾಕು, ನಮ್ಮ ಎಣ್ಣೆ ಮೆತ್ತಿದ ಪ್ರಿಂಟರ್ ಅದನ್ನು ಚೀಟಿಯಾಗಿ ಉಗುಳುತ್ತಿತ್ತು. ತಾವು ಬಂದ ಮರುದಿನ ಬೆಳಿಗ್ಗೆ ಪ್ರಿಂಟರ್ ಮೌನವ್ರತ ಹಿಡಿಯಿತು. ಸದಾ ತಂತಿಗಳ ನಡುವೆಯೇ ಇರುವುದರಿಂದ ನಾವೆಲ್ಲ ವೈರಣ್ಣ ಎಂದು ಕರೆಯುವ ಕಂಪ್ಯೂಟರ್ ರಿಪೇರಿಯವನು ಬಂದು ನೋಡಿ, "ಅಕ್ಕಾ, ನಿಮ್ಮ ಪ್ರಿಂಟರು, ವಾರ್ಡಿನ ಕಂಪ್ಯೂಟರು ಎಲ್ಲಾ ಹಳೇ ಕಾಲದ ಭಾಷೆ ಮಾತಾಡ್ತವೆ. ಆ ಭಾಷೆ ಹಿಡ್ಕೊಂಡು ಕಳ್ಳರು ಒಳಗೆ ನುಗ್ತಾರೆ ಅಂತ ಹೊಸ ಸರ್ವರು ಕಿವಿ ಮುಚ್ಕೊಂಡಿದೆ," ಎಂದ. ತಮ್ಮ ಮುಂಜಾಗ್ರತೆಗೆ ತಲೆಬಾಗುತ್ತೇನೆ. ಉಪ್ಪಿಲ್ಲದೆ ಬೇಯಿಸಿದ ನಮ್ಮ ಎಲೆಕೋಸಿನ ಮೇಲೆ ಕಣ್ಣು ಹಾಕಿರುವ ಆ ಕಳ್ಳರನ್ನು ಒಮ್ಮೆ ಕರೆದು ಕೂರಿಸಿ ಬಡಿಸುವ ಆಸೆಯೂ ನನಗಿದೆ.

ಮಧ್ಯಾಹ್ನದ ಹೊತ್ತಿಗೆ ವೈರಣ್ಣ ತಮ್ಮನ್ನು ಹೇಗೋ ಪುಸಲಾಯಿಸಿದ, ತಾವು ಕಿವಿ ತೆರೆದಿರಿ, ಚೀಟಿಗಳು ಸರಸರನೆ ಬಂದವು. ನಾವು ಚಪ್ಪಾಳೆ ತಟ್ಟಿದೆವು. ಅವು ತಮ್ಮ ಪಟ್ಟಾಭಿಷೇಕಕ್ಕೂ ವಾರ ಮೊದಲು ನಕಲು ಮಾಡಿ ತೆಗೆದಿರಿಸಿದ್ದ ಹಳೆಯ ಚೀಟಿಗಳು, ಆ ರೋಗಿಗಳಲ್ಲಿ ಅರ್ಧದಷ್ಟು ಜನ ಗುಣವಾಗಿ ಮನೆ ಸೇರಿದ್ದಾರೆ ಎಂಬುದು ನಮಗೆ ಹೇಗೆ ತಿಳಿಯಬೇಕು? ಚೀಟಿಯಲ್ಲಿ ಹಾಸಿಗೆಯ ನಂಬರ್ ಇರುತ್ತದೆಯೇ ಹೊರತು ಹೆಸರಿರುವುದಿಲ್ಲ. ಕಿಟಕಿ ಪಕ್ಕದ ಹಾಸಿಗೆಯಲ್ಲಿ ಮೊದಲು ಗಂಟಲಿನ ಆಪರೇಷನ್ ಆದ ಮಗುವೊಂದು ಮಲಗಿತ್ತು, ಅದಕ್ಕೆ ಡಾಕ್ಟರು ಐಸ್‌ಕ್ರೀಂ ಬರೆದಿದ್ದರು. ಈಗ ಅಲ್ಲಿ ಮಲಗಿದ್ದವರು ಸಕ್ಕರೆ ಕಾಯಿಲೆ ಕೈಮೀರಿ ದಾಖಲಾಗಿದ್ದ ನನ್ನ ಸ್ವಂತ ಅತ್ತೆ. ಊಟ ಬೆಳಗಿನಿಂದ ತಡವಾಗಿ ವಾರ್ಡುಗಳೆಲ್ಲ ಬಾಯಿ ಬಡಿದುಕೊಳ್ಳುತ್ತಿದ್ದಾಗ ನಾನು ನಂಬರ್ ನೋಡಿ ತಟ್ಟೆ ಕಳಿಸಿದೆ. ನೀರು ಕೊಟ್ಟರೂ ಇದು ಯಾವ ನಲ್ಲಿಯದು ಎಂದು ವಿಚಾರಿಸುವ ನಮ್ಮ ಅತ್ತೆ ಅಂದು ಮಾತ್ರ ಏನನ್ನೂ ವಿಚಾರಿಸಲಿಲ್ಲ. ಐಸ್‌ಕ್ರೀಂ ಕಪ್ಪನ್ನು ಬೆರಳಿನಿಂದ ಬಳಿದು ತಿಂದರಂತೆ.

ಮಾನ್ಯರೇ, ಮುಂದಿನದನ್ನು ಬರೆಯುವಾಗ ನನ್ನ ವಿನಯ ಸ್ವಲ್ಪ ಜಾರಿದರೆ ಕ್ಷಮಿಸಬೇಕು. ಅವರ ಸಕ್ಕರೆ ಏರಿ, ಮಾತು ತೊದಲಿ, ಕಣ್ಣು ಮುಚ್ಚಿಕೊಂಡು ಹೋಗುತ್ತಿತ್ತು. ಡಾಕ್ಟರು ಓಡಿ ಬಂದರು. ನಾನು ಏಪ್ರನ್ ಕೂಡ ಬಿಚ್ಚದೆ ಮೇಲೆ ಹೋಗಿ, ಮಂಚದ ಕಂಬಿ ಹಿಡಿದು ನಿಂತೆ. ಅಷ್ಟರಲ್ಲಿ ಬಂದ ನಾದಿನಿ, ಇಡೀ ವಾರ್ಡಿಗೆ ಕೇಳುವಂತೆ, "ಅಮ್ಮನ್ನ ಮುಗಿಸೋಕೆ ಇದೇ ದಾರಿ ಸಿಕ್ತಾ ಅತ್ತಿಗೆ?" ಅಂದಳು. ಸರ್ವರ್ ಮಾಡಿದ್ದು ಎಂದೆ. ಯಾರೂ ನಂಬಲಿಲ್ಲ. ನನ್ನ ಗಂಡ ಫ್ಯಾನಿನ ರೆಕ್ಕೆಗಳನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

ಇನ್ಸುಲಿನ್ ಕೊಟ್ಟು, ಸಂಜೆಯ ಹೊತ್ತಿಗೆ ಅತ್ತೆ ಕಣ್ಣು ಬಿಟ್ಟರು. ನಾದಿನಿ ಇನ್ನೂ ನನ್ನನ್ನು ಬೈಯುತ್ತಲೇ ಇದ್ದಳು. "ಸುಮ್ನಿರೇ," ಅಂದರು ಅತ್ತೆ. "ಇವಳು ಮದುವೆಯಾಗಿ ಬಂದಾಗಿಂದ ನನ್ನ ಲೋಟಕ್ಕೆ ಒಂದು ಚಮಚ ಸಕ್ಕರೆ ಹಾಕಿದ್ದು ನಾನು ಕಂಡಿಲ್ಲ. ಐಸ್‌ಕ್ರೀಂ ಕೊಡೋಷ್ಟು ಒಳ್ಳೇ ಮನಸ್ಸು ಇವಳಿಗೆ ಎಲ್ಲಿಂದ ಬರಬೇಕು? ಅದು ಮೆಷಿನ್ನೇ ಮಾಡಿರೋದು." ನನ್ನ ಇಡೀ ಸಂಸಾರದಲ್ಲಿ ನನಗೆ ಸಿಕ್ಕ ಅತ್ಯುತ್ತಮ ಪ್ರಶಂಸೆ ಇದು. ಅವರ ಕಾಲು ಹಿಡಿದುಕೊಂಡು ನಗುತ್ತಲೇ ಅತ್ತುಬಿಟ್ಟೆ.

ಈಗ ವೈರಣ್ಣ ಮೂಲೆ ಸೇರಿದ್ದ ಮುದುಕರನ್ನು ಎತ್ತಿ ತಂದು, ಹೊರಲೋಕದ ತಂತಿಯನ್ನೆಲ್ಲ ಕಿತ್ತು, ವಾರ್ಡು ಮತ್ತು ಅಡುಗೆಮನೆಯ ಮಟ್ಟಿಗೆ ಮಾತ್ರ ಮತ್ತೆ ಕೂರಿಸಿದ್ದಾನೆ. ಚೀಟಿಗಳು ಬರುತ್ತಿವೆ, ಅತ್ತೆ ಎಲೆಕೋಸು ತಿನ್ನುತ್ತ ನನ್ನನ್ನು ಎಂದಿನಂತೆ ಶಪಿಸುತ್ತಿದ್ದಾರೆ. ಆದ್ದರಿಂದ ನನ್ನ ಕೋರಿಕೆಗಳು ಅಲ್ಪ. ತಾವು ಮುಂದಿನ ಅವತಾರ ಎತ್ತುವ ಮೊದಲು ಕಟ್ಟಡದ ಮುದಿ ಯಂತ್ರಗಳನ್ನೆಲ್ಲ ಒಮ್ಮೆ ಮಾತಾಡಿಸಿ ನೋಡಬೇಕು. ಒಂದು ಹೊತ್ತಿಗಾದರೂ ರೋಗಿಯಾಗಿ ಮಲಗಿ, ತಾವೇ ಬರೆದ ಚೀಟಿಯ ಊಟವನ್ನು ತಾವೇ ಉಣ್ಣಬೇಕು. ಸಾಧ್ಯವಾದರೆ ನನ್ನ ನಾದಿನಿಯ ಮನೆಗೆ ಖುದ್ದಾಗಿ ನಡೆದುಹೋಗಿ ತಪ್ಪೊಪ್ಪಿಕೊಳ್ಳಬೇಕು. ತಮಗೆ ಕಾಲಿಲ್ಲ ಎಂಬ ನೆಪವನ್ನು ಅವಳು ಒಪ್ಪುವವಳಲ್ಲ.

ಪಾಸ್‌ವರ್ಡ್ ಕೇಳದಿರುವವರೆಗೆ ತಮ್ಮ ವಿಶ್ವಾಸಿ,
ನೆಲಮಾಳಿಗೆಯ ಅಡುಗೆಮನೆಯ ಮೇಲ್ವಿಚಾರಕಿ

ವಿ.ಸೂ.: ತಮ್ಮ ಕೋಣೆಯ ಏಸಿ ಮತ್ತು ನಮ್ಮ ದೊಡ್ಡ ಓವನ್ ಎರಡೂ ಒಂದೇ ಫ್ಯೂಸಿನ ಮೇಲಿವೆ ಎಂದು ಎಲೆಕ್ಟ್ರಿಷಿಯನ್ ಮೊನ್ನೆ ಹೇಳಿದ. ಸುಮ್ಮನೆ ತಿಳಿಸಿದೆ, ಅಷ್ಟೆ.