ಗೊಬ್ಬರದ ದಿಬ್ಬದಿಂದ ವಾಸಪ್ಪನವರ ಅಭಿಪ್ರಾಯ

ಕೊಪ್ಪದ ಹತ್ತಿರದ ನಾರ್ವೆ ಎಂಬ ಊರಿನ ವಾಸಪ್ಪನವರಿಗೆ ಸಿಟ್ಟು ಬರಲು ಕಾರಣವೇ ಬೇಕಿರಲಿಲ್ಲ. ಆದರೂ ಸಂಜೆ ಏಳೂವರೆಯ ಧಾರಾವಾಹಿ ದಿನಕ್ಕೊಂದು ಕಾರಣವನ್ನು ತಪ್ಪದೆ ಒದಗಿಸುತ್ತಿತ್ತು. ಆ ಹೊತ್ತಿಗೆ ಅವರಿಗೆ ಕಾಫಿ ಬೇಕು. ಆ ಹೊತ್ತಿಗೇ ಟೀವಿಯ ಅತ್ತೆ ಸೊಸೆಯ ಹಾಲಿಗೆ ವಿಷ ಬೆರೆಸಬೇಕು. (ಎಂಟು ತಿಂಗಳಿಂದ ಬೆರೆಸುತ್ತಲೇ ಇದ್ದಾಳೆ. ಸೊಸೆ ಕುಡಿಯುವುದೂ ಇಲ್ಲ, ಹಾಲು ಒಡೆಯುವುದೂ ಇಲ್ಲ.) ಅದು ಮುಗಿಯುವ ತನಕ ಅವರ ಹೆಂಡತಿ ಜಲಜಮ್ಮ ಕೂತಲ್ಲಿಂದ ಏಳುವವರಲ್ಲ.

"ಕಾಫಿ ಎಂತ, ಮುಂದಿನ ಜನ್ಮಕ್ಕಾ ಮಾರಾಯ್ತಿ?"

"ಅಡ್ವಟೈಸ್ ಬರ್ಲಿ, ಕೊಡ್ತೀನಿ."

ಈ ಒಂದು ಉತ್ತರದಿಂದ ವಾಸಪ್ಪನವರು ದೇಶದ ಸಮಸ್ತ ಅಧಃಪತನದ ಮೂಲವನ್ನೂ ಕಂಡುಹಿಡಿದಿದ್ದರು. ಬಾಳಗಡಿಯ ಶೇಷಪ್ಪನ ಅಂಗಡಿಯ ಬೆಂಚಿನ ಮೇಲೆ ಕೂತು ದಿನಾ ಅದನ್ನೇ ಸಾರುತ್ತಿದ್ದರು. "ಯಂತ್ರದ್ದೇನೂ ತಪ್ಪಿಲ್ಲ ಶೇಷಪ್ಪ. ತಪ್ಪೆಲ್ಲ ಬಟನ್ ಒತ್ತೋ ಬೆರಳಿಂದು. ಜನಕ್ಕೆ ಜವಾಬ್ದಾರಿ ಅನ್ನೋದೇ ಇಲ್ಲ!"

ಬಂದ ಗಿರಾಕಿಗಳು ಈ ಉಪದೇಶಕ್ಕೆ ಹೆದರಿ ಎದುರಿನ ಅಂಗಡಿಗೆ ಹೋಗುವುದನ್ನು ನೋಡಿ ನೋಡಿ ಸಾಕಾದ ಶೇಷಪ್ಪ ಒಂದು ದಿನ ಹೇಳಿದ, "ಅಲ್ಲ ಮಾರಾಯ, ಇದನ್ನೆಲ್ಲ ನನ್ನೊಬ್ಬನಿಗೆ ಹೇಳಿ ಎಂತ ಪ್ರಯೋಜನ? ಭಾನುವಾರ ಹತ್ತೂವರೆಗೆ ರೇಡಿಯೋದಲ್ಲಿ ಫೋನ್ ಕಾರ್ಯಕ್ರಮ ಉಂಟು. 'ಟೀವಿ, ಮೊಬೈಲು ಮತ್ತು ನಮ್ಮ ಹೊಣೆ' ಅಂತ. ಅಲ್ಲಿ ಹೇಳು, ಊರೆಲ್ಲ ಕೇಳ್ಲಿ."

ವಾಸಪ್ಪನವರು ಇದನ್ನು ಸನ್ಮಾನವೆಂದೇ ಸ್ವೀಕರಿಸಿದರು. ನಾಲ್ಕು ಪುಟದ ಭಾಷಣ ಬರೆದರು. ನಾರ್ವೆಯ ಮನೆಮನೆಗೂ, ಬಾಳಗಡಿಯ ಅಂಗಡಿ ಅಂಗಡಿಗೂ, ಬೇಗಾರಿನಲ್ಲಿದ್ದ ಭಾವನಿಗೂ ಭಾನುವಾರ ರೇಡಿಯೋ ಹಾಕಲು ತಾಕೀತು ಮಾಡಿದರು. ಇಷ್ಟಾದ ಮೇಲೆ ಅವರ ಧ್ವನಿ ರೇಡಿಯೋದಲ್ಲಿ ಬರಲೇಬೇಕು. ಬಾರದಿದ್ದರೆ ಶೇಷಪ್ಪನ ಬೆಂಚಿನ ಮೇಲೆ ಮತ್ತೆ ಕೂರುವ ಮುಖ ಅವರಿಗಿರಲಿಲ್ಲ. ಮುಂದಿನ ಪೀಳಿಗೆಯ ಅನುಕೂಲಕ್ಕಾಗಿ ಹೊಸ ಕ್ಯಾಸೆಟ್ ತಂದು, "ನನ್ನ ಮಾತು ಶುರುವಾದ ಕೂಡ್ಲೆ ರೆಕಾರ್ಡಿನ ಬಟನ್ ಒತ್ತು" ಎಂದು ಜಲಜಮ್ಮನಿಗೆ ಟೇಪ್‌ರೆಕಾರ್ಡರಿನ ಉಸ್ತುವಾರಿ ವಹಿಸಿದರು.

ತೊಡಕು ಒಂದೇ. ಮನೆಯ ಫೋನಿನ ತಂತಿಯ ಮೇಲೆ ಹಲಸಿನ ಕೊಂಬೆ ಬಿದ್ದು ಹದಿನೈದು ದಿನವಾಗಿತ್ತು. ಉಳಿದದ್ದು ಹೊಸ ಮೊಬೈಲು. ಅದಕ್ಕೆ ರೇಂಜ್ ಸಿಗುವುದು ಇಡೀ ಜಮೀನಿನಲ್ಲಿ ಒಂದೇ ಕಡೆ, ಕೊಟ್ಟಿಗೆಯ ಹಿಂದಿನ ಗೊಬ್ಬರದ ದಿಬ್ಬದ ತುದಿಯಲ್ಲಿ. ಭಾನುವಾರ ಬೆಳಿಗ್ಗೆ ವಾಸಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಭಾಷಣದ ಪುಟಗಳನ್ನು ಜೇಬಿಗಿಟ್ಟುಕೊಂಡು ಅದನ್ನು ಏರಿದರು.

"ರೇಡಿಯೋದವರಿಗೆ ಅಂಗಿ ಕಾಣ್ತದಾ?" ಎಂದು ಜಲಜಮ್ಮ ಹಿತ್ತಿಲ ಬಾಗಿಲಿಂದ ಕೇಳಿದರು.

"ನೀನು ಒಳಗೆ ಹೋಗಿ ಬಟನ್ ಕಾಯಿ!"

ಇಲ್ಲಿ ವಾಸಪ್ಪನವರ ಬೆರಳಿನ ಬಗ್ಗೆ ಒಂದು ಮಾತು ಹೇಳಬೇಕು. ಮೊಬೈಲ್ ಕೊಂಡಂದಿನಿಂದ ಅವರು ಯಾರಿಗೂ ಪೂರ್ತಿ ಫೋನ್ ಮಾಡಿದವರಲ್ಲ. ಎಲ್ಲ ಮಿಸ್ ಕಾಲ್. ಒಂದು ರಿಂಗ್ ಆದರೆ ಕೊಪ್ಪದಲ್ಲಿ ಬಸ್ಸು ಹತ್ತಿದೆ, ಹಂಡೆಗೆ ಬೆಂಕಿ ಹಾಕು ಎಂದರ್ಥ. ಎರಡಾದರೆ ಊಟಕ್ಕೆ ಜೊತೆಗೊಬ್ಬರಿದ್ದಾರೆ. ಮೂರಾದರೆ ಒಳ್ಳೆ ಮೀನು ಸಿಕ್ಕಿದೆ, ಮಸಾಲೆ ಅರೆದಿಡು. ತಪ್ಪಿ ಯಾರಾದರೂ ಎತ್ತಿಬಿಟ್ಟರೆ, "ಎತ್ತಿದ್ದೆಂತಕ್ಕೆ? ಬುದ್ಧಿ ಬೇಡ್ವಾ?" ಎಂದು ಅವರಿಗೇ ಬೈಗುಳ. ಊರಿಗೆಲ್ಲ ತಮ್ಮ ನಂಬರು ಹಂಚಿ, ಎಲ್ಲರಿಗೂ ಈ ಶಾಸ್ತ್ರವನ್ನು ಕಲಿಸಿದ ಆದ್ಯ ಗುರು ಅವರೇ.

ಹತ್ತೂವರೆಗೆ ಸರಿಯಾಗಿ ನಂಬರು ಒತ್ತಿದರು. ಟ್ರಿಣ್ ಎಂದಿತು. ಬೆರಳು ತಂತಾನೇ ಕೆಂಪು ಬಟನ್ ಒತ್ತಿತು.

"ಥೂ!" ಎಂದು ಬೆರಳಿಗೇ ಬೈದು ಮತ್ತೆ ಮಾಡಿದರು. ಟ್ರಿಣ್. ಮತ್ತೆ ಕೆಂಪು. ಮೂರನೆಯ ಸಲ ಎಂಗೇಜ್. ನಾಲ್ಕನೆಯ ಸಲ ಬಲಗೈಯನ್ನು ಬೆನ್ನ ಹಿಂದೆ ಕಟ್ಟಿ ಮೊಬೈಲನ್ನು ಎಡಗೈಯಲ್ಲಿ ಹಿಡಿದರು. ಎಡಗೈಯ ಹೆಬ್ಬೆರಳು ಬಲಗೈಯನ್ನು ನೋಡಿ ಆಗಲೇ ಕಲಿತಾಗಿತ್ತು. ಹೀಗೆ ಆರು ಬಾರಿ ಆ ಕಡೆ ಫೋನ್ ಎತ್ತುವ ಮುಂಚೆಯೇ ಕಟ್ ಆಯಿತು.

ಅಷ್ಟರಲ್ಲಿ ಜಲಜಮ್ಮ ಹೊರಗೆ ಓಡಿ ಬಂದರು. "ರೀ, ರೇಡಿಯೋದಲ್ಲಿ ನಮ್ಮ ನಂಬರು! ಕೊನೇಲಿ ನಾಲ್ಕು ಸೊನ್ನೆ ಎಂಟು ಇರೋರು ಆರು ಸಲ ಮಿಸ್ ಕಾಲ್ ಕೊಟ್ರಂತೆ. ಹೊಣೆಗಾರಿಕೆ ಬಗ್ಗೆ ಮಾತಾಡುವಾಗ ಹೀಗೆ ಮಾಡೋದು ಚಂದ ಅಲ್ಲ ಅಂದ್ಲು ಕಾರ್ಯಕ್ರಮ ನಡೆಸೋ ಹುಡುಗಿ."

ವಾಸಪ್ಪನವರ ಮೈ ಉರಿಯಿತು. "ನಾನೆಲ್ಲಿ ಕೊಟ್ಟೆ? ಬೆರಳು ಕೊಟ್ಟದ್ದು!"

ಮಾತು ಮುಗಿಯುವುದರೊಳಗೆ ಮೊಬೈಲು ಒಂದು ಸಲ ಟ್ರಿಣ್ ಎಂದು ಸುಮ್ಮನಾಯಿತು. ನೋಡಿದರೆ ಶೇಷಪ್ಪ. ಮತ್ತೊಂದು ಟ್ರಿಣ್, ಬೇಗಾರಿನ ಭಾವ. ರೇಡಿಯೋ ಕೇಳುತ್ತಿದ್ದ ಊರಿಗೆ ಊರೇ ನಂಬರಿನ ಗುರುತು ಹಿಡಿದು ಗುರುದಕ್ಷಿಣೆ ಸಲ್ಲಿಸತೊಡಗಿತ್ತು. ಹತ್ತು, ಹನ್ನೆರಡು, ಹದಿನಾಲ್ಕು. ಅವಮಾನದಿಂದ ವಾಸಪ್ಪನವರ ಕಣ್ಣಲ್ಲಿ ನೀರೇ ಬಂತು. ಇನ್ನೊಂದು ಬರಲಿ, ಕಟ್ ಆಗುವ ಮುಂಚೆ ಎತ್ತಿ ಆಸಾಮಿಯ ಚಳಿ ಬಿಡಿಸುತ್ತೇನೆ ಎಂದು ಹಸಿರು ಬಟನ್ನಿನ ಮೇಲೆ ಬೆರಳಿಟ್ಟು ನಿಂತರು.

ಒಳಗೆ ಹೋಗಿದ್ದ ಜಲಜಮ್ಮ ಮತ್ತೆ ಓಡಿ ಬಂದರು. "ರೀ, ಕೇಳಿ ಇಲ್ಲಿ, ಈಗ ಅವರೇ..."

"ಬಾಯಿ ಮುಚ್ಚು!"

"ಅಲ್ಲ ರೀ, ರೇಡಿಯೋದವರೇ..."

ಟ್ರಿಣ್ ಎಂದಿತು. ವಾಸಪ್ಪನವರು ಪೂರ್ತಿ ಬಡಿಯಲು ಬಿಡದೆ ಒತ್ತಿದರು. ಜಲಜಮ್ಮ ಹಣೆ ಚಚ್ಚಿಕೊಂಡು, ವಹಿಸಿದ ಕೆಲಸ ನೆನಪಾಗಿ ಒಳಗೆ ಓಡಿದರು.

"ಯಾವನೋ ಅದು? ಮಾಡೋಕೆ ಬೇರೆ ಕೆಲ್ಸ ಇಲ್ವಾ? ಮಿಸ್ ಕಾಲ್ ಕೊಡೋರಿಗೆ ಮಾನ, ಮರ್ಯಾದೆ, ಜವಾಬ್ದಾರಿ ಒಂದಾದ್ರೂ ಉಂಟಾ? ಎದುರಿಗೆ ಬಾ, ಕೈ ಮುರೀತೀನಿ!"

"ಕೈ ಮುರೀತೀನಿ!" ಎಂದು ಅಡುಗೆಮನೆಯ ಕಿಟಕಿಯಿಂದ ಯಾರೋ ಅವರಂತೆಯೇ ಗುಡುಗಿದರು.

ವಾಸಪ್ಪನವರು ಕಿಟಕಿ ನೋಡಿದರು, ಮೊಬೈಲ್ ನೋಡಿದರು. ಎರಡರಿಂದಲೂ ಒಂದೇ ಹೆಣ್ಣುದನಿ ಬಂತು. "ಧನ್ಯವಾದ ಸರ್. ನೀವು ಮಾತಾಡಲು ಪ್ರಯತ್ನಿಸುತ್ತಿದ್ದೀರೇನೋ ಎಂದು ನಾವೇ ಫೋನ್ ಮಾಡಿದೆವು. ಮಿಸ್ ಕಾಲ್ ಬಗ್ಗೆ ಇಷ್ಟು ಖಡಾಖಂಡಿತವಾದ ಅಭಿಪ್ರಾಯ ಇಂದು ಇನ್ಯಾರಿಂದಲೂ ಬರಲಿಲ್ಲ. ಇಲ್ಲಿಗೆ ಕಾರ್ಯಕ್ರಮ ಮುಗಿಯಿತು."

ಇಳಿಯುವಾಗ ಕಾಲು ಜಾರಿ ಬಿಳಿ ಅಂಗಿಯ ಕತೆಯೂ ಮುಗಿಯಿತು. "ಈ ದರಿದ್ರ ಮೊಬೈಲಿಂದ ನನ್ನ ಮಾನ ಹೋಯ್ತು! ಇದನ್ನ ಕಂಡುಹಿಡಿದವನು ಸಿಗ್ಲಿ ನನ್ನ ಕೈಗೆ!"

ಹೊರಗೆ ಬಂದ ಜಲಜಮ್ಮ ಗೊಬ್ಬರದಲ್ಲಿ ಬಿದ್ದಿದ್ದ ಭಾಷಣದ ಮೊದಲ ಪುಟ ಎತ್ತಿ, ಕೊಡವಿ, ಓದಿದರು. "'ಯಂತ್ರದ್ದೇನೂ ತಪ್ಪಿಲ್ಲ. ತಪ್ಪೆಲ್ಲ ಬಟನ್ ಒತ್ತುವ ಬೆರಳಿನದು.' ಚೆನ್ನಾಗಿ ಬರ್ದಿದ್ದೀರಿ."

ವಾಸಪ್ಪನವರು ಅಂಗಿಯ ಗೊಬ್ಬರ ಒರೆಸಿಕೊಳ್ಳುತ್ತಾ ಮೆಲ್ಲಗೆ ಕೇಳಿದರು, "ರೆಕಾರ್ಡ್ ಮಾಡ್ಲಿಲ್ಲ ತಾನೇ?"

"ಮಾಡದೆ ಇರ್ತೀನಾ? ನಂಗೆ ಜವಾಬ್ದಾರಿ ಇಲ್ವಾ?"

ಈಗಲೂ ಸಂಜೆ ಏಳೂವರೆಗೆ ಟೀವಿಯ ಅತ್ತೆ ಹಾಲಿಗೆ ವಿಷ ಬೆರೆಸುತ್ತಾಳೆ. ಕಾಫಿಗೆಂದು ವಾಸಪ್ಪನವರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಜಲಜಮ್ಮ ಟೀವಿಯಿಂದ ಕಣ್ಣು ಕೀಳದೆ, ಪಕ್ಕದಲ್ಲಿಟ್ಟ ಟೇಪ್‌ರೆಕಾರ್ಡರಿನ ಪ್ಲೇ ಬಟನ್ನಿನ ಮೇಲೆ ಒಂದು ಬೆರಳಿಡುತ್ತಾರೆ. ವಾಸಪ್ಪನವರು ಎದ್ದು ಹೋಗಿ ಎರಡು ಲೋಟ ಕಾಫಿ ಮಾಡಿ ತರುತ್ತಾರೆ.