ಐದನೆಯ ಕಾಲಂ

ಇಷ್ಟಕ್ಕೂ ಕಾರಣ ಒಂದು ಕಾಲಂ.

ನೀರು ಸರಬರಾಜು ಕಚೇರಿಯ ಉಗ್ರಾಣಕ್ಕೆ ವರ್ಷಕ್ಕೊಮ್ಮೆ ಮೇಲಿನಿಂದ ತಪಾಸಣೆಯ ನಮೂನೆ ಬರುತ್ತಿತ್ತು. ಅದರಲ್ಲಿ ನಾಲ್ಕೇ ಕಾಲಂ: ಕ್ರಮಸಂಖ್ಯೆ, ವಸ್ತುವಿನ ಹೆಸರು, ಎಷ್ಟಿದೆ, ಹೇಗಿದೆ. ಸ್ಟೋರ್‌ಕೀಪರ್ ಹಿಂದಿನ ವರ್ಷದ್ದನ್ನು ಎದುರಿಗಿಟ್ಟುಕೊಂಡು ನಕಲು ಹೊಡೆದು ಕಳಿಸಿಬಿಡುತ್ತಿದ್ದ. ಈ ವರ್ಷ ಮೇಲೆ ಕೂತ ಯಾವನೋ ಕೆಲಸವಿಲ್ಲದವನು ಐದನೆಯದೊಂದನ್ನು ಸೇರಿಸಿದ್ದ: ‘ಏಕೆ ಇದೆ?’

ಜೊತೆಗೊಂದು ಪತ್ರ. ಇಂದೇ ಸಂಜೆ ನಾಲ್ಕಕ್ಕೆ ತಪಾಸಣಾಧಿಕಾರಿ ಬರುತ್ತಾರೆ. ಐದನೆಯ ಕಾಲಂ ಖಾಲಿ ಉಳಿದಿದ್ದರೆ ಸ್ಟೋರ್‌ಕೀಪರನಿಗೆ ಬೇರೆ ಕೆಲಸ ವಹಿಸಲಾಗುವುದು.

ಆ ಕಚೇರಿಯಲ್ಲಿ ಖಾಲಿ ಇದ್ದ ಬೇರೆ ಕೆಲಸ ಒಂದೇ. ದೂರು ಕೌಂಟರ್. ಅಲ್ಲಿ ಕೂರುತ್ತಿದ್ದವನು ಮೂರು ವಾರದ ಹಿಂದೆ ಊಟಕ್ಕೆಂದು ಎದ್ದು ಹೋದವನು ಇನ್ನೂ ಕೈ ತೊಳೆದಿರಲಿಲ್ಲ. ಅವನಿಗಿಂತ ಹಿಂದಿನವನಿಗೆ ಜನರ ಕೂಗಾಟಕ್ಕೆ ಎಡಗಿವಿ ಹೋಗಿತ್ತು.

ಸ್ಟೋರ್‌ಕೀಪರ್ ಪತ್ರವನ್ನು ಎರಡು ಸಲ ಓದಿದ. ಹನ್ನೊಂದು ವರ್ಷದಿಂದ ಅವನು ಉಗ್ರಾಣದಲ್ಲಿ ರಾಜನಂತೆ ಇದ್ದವನು. ಪೈಪುಗಳು ಬೈಯುವುದಿಲ್ಲ, ನಲ್ಲಿಗಳು ಎದುರು ಮಾತಾಡುವುದಿಲ್ಲ. ಕಚೇರಿಯವರು ಅವನಿಗಿಟ್ಟ ಹೆಸರು ಇಲ್ಲಪ್ಪ. ಬಲ್ಬ್ ಕೇಳಿದರೆ ‘ಇಲ್ಲಪ್ಪ.’ ತಲೆಯ ಮೇಲೆ ಸೂರಿನವರೆಗೆ ಬಲ್ಬಿನ ಪೆಟ್ಟಿಗೆ ಪೇರಿಸಿದ್ದರೂ ‘ಇಲ್ಲಪ್ಪ.’ ಕೊಟ್ಟರೆ ಖಾಲಿಯಾಗುತ್ತದೆ, ಖಾಲಿಯಾದರೆ ಅದು ಉಗ್ರಾಣ ಹೇಗಾದೀತು ಎಂಬುದು ಅವನ ಸಿದ್ಧಾಂತ. ಪಾಪ, ತಪ್ಪೇನೂ ಇರಲಿಲ್ಲ.

ಒಂಬತ್ತೂವರೆಗೆ ಕನ್ನಡಕ ಒರೆಸಿಕೊಂಡು ಕೂತ. ಒಟ್ಟು ನಾನೂರ ಹನ್ನೆರಡು ವಸ್ತು. ಮೊದಲನೆಯದು ನಟ್ಟು. ಏಕೆ ಇದೆ? ‘ಬೋಲ್ಟಿಗಾಗಿ’ ಎಂದು ಬರೆದ. ಎರಡನೆಯದು ಬೋಲ್ಟು. ‘ನಟ್ಟಿಗಾಗಿ.’ ಇಷ್ಟೇ ತಾನೆ ಎಂದು ಎದೆಯ ಮೇಲಿನ ಕಲ್ಲು ಇಳಿಯಿತು.

ಹೆಡ್ ಗುಮಾಸ್ತರು ಬೆನ್ನ ಹಿಂದೆ ನಿಂತು ಓದುತ್ತಿದ್ದರು. ಬೇರೆಯವರ ಕಾಗದದಲ್ಲಿ ತಪ್ಪು ಸಿಕ್ಕಿದ ದಿನ ಅವರಿಗೆ ಎರಡು ತುತ್ತು ಹೆಚ್ಚು ಸೇರುತ್ತಿತ್ತು.

“ಅಲ್ಲ ಇಲ್ಲಪ್ಪ, ಎರಡೂ ಇಲ್ದೇ ಇದ್ದಿದ್ರೆ?”

“ಅಂದ್ರೆ?”

“ನಟ್ಟೂ ಇಲ್ಲ, ಬೋಲ್ಟೂ ಇಲ್ಲ. ಆಗ ಯಾರಿಗೇನು ನಷ್ಟ? ಒಬ್ಬ ಕಳ್ಳನಿಗೆ ಇನ್ನೊಬ್ಬ ಕಳ್ಳ ಸಾಕ್ಷಿ ಹೇಳಿದ ಹಾಗಾಯ್ತು ಇದು.”

ಇಲ್ಲಪ್ಪ ಅಳಿಸಿದ. “ನಟ್ಟು ಬೋಲ್ಟು ಎರಡೂ ಪಂಪಿಗಾಗಿ. ಸರೀನಾ?”

“ಪಂಪ್ ಯಾಕೆ?”

“ತೊಟ್ಟಿ ತುಂಬೋಕೆ. ತೊಟ್ಟಿ ನೀರಿಗೆ. ನೀರು ಜನಕ್ಕೆ.”

“ಜನ ಯಾಕಿದಾರೆ?”

ಒಂದು ನಟ್ಟಿನಿಂದ ಹೊರಟ ಇಲ್ಲಪ್ಪ ಇಡೀ ಮನುಕುಲದ ಬಾಗಿಲಿಗೆ ಬಂದು ಮುಗ್ಗರಿಸಿದ್ದ. ಇನ್ನೂ ನಾನೂರ ಹತ್ತು ವಸ್ತು ಬಾಕಿ.

“ಕಾರಣ ಅಂದ್ರೆ ಪೂರ್ತಿ ಕಾರಣ ಇರಬೇಕು,” ಎಂದರು ಗುಮಾಸ್ತರು. “ಅರ್ಧಕ್ಕೆ ಬಿಟ್ರೆ ಆಕ್ಷೇಪಣೆ ಬರುತ್ತೆ.”

ಜೀಪಿನ ಡ್ರೈವರ್ ಬಾಗಿಲಿಗೆ ಒರಗಿ ಕಿವಿ ಕೆರೆದುಕೊಳ್ಳುತ್ತಿದ್ದ. “ಇಟ್ಟೋರು ಇಟ್ಟವ್ರೆ, ಅದಕ್ಕೆ ಇದೆ ಅಂತ ಬರೆದು ಬಿಸಾಕಿ ಸಾರ್.”

“ಇಟ್ಟೋರನ್ನ ಯಾರು ಇಟ್ಟರು?” ಎಂದರು ಗುಮಾಸ್ತರು. ಡ್ರೈವರ್ ಕಿವಿ ಕೆರೆಯುವುದನ್ನು ನಿಲ್ಲಿಸಿ ಆಕಾಶ ನೋಡಿದ.

ಹನ್ನೊಂದಾಯಿತು. ಮೊದಲ ಸಾಲನ್ನು ಉಜ್ಜಿ ಉಜ್ಜಿ ಕಾಗದ ತೂತು ಬಿದ್ದಿತ್ತು. ದಾರಿ ಕಾಣದೆ ಇಲ್ಲಪ್ಪ ಹೆಂಡತಿಗೆ ಫೋನು ಮಾಡಿದ.

“ನಮ್ಮ ಅಟ್ಟದ ಮೇಲೆ ಏಳು ಮುರುಕು ಕೊಡೆ ಇವೆಯಲ್ಲ, ಯಾಕಿವೆ ಅಂದ್ರೆ ಏನಂತೀರಿ ನೀವು?” ಎಂದಳು ಆಕೆ.

“ಇರಲಿ ಬಿಡು ಅಂತೀನಿ.”

“ಅದನ್ನೇ ಬರೀರಿ. ಒಲೆ ಮೇಲೆ ಹಾಲಿದೆ, ಇಡಿ ಫೋನು.”

ಇಪ್ಪತ್ತು ಸಾಲಿಗೆ ‘ಇರಲಿ ಬಿಡಿ’ ಎಂದು ಬರೆದ. ಗುಮಾಸ್ತರು ಓದಿ, “ಇದು ಕಾರಣ ಅಲ್ಲ ಕಣ್ರೀ, ಸೋಮಾರಿತನ,” ಎಂದರು. ಇಪ್ಪತ್ತನ್ನೂ ಅಳಿಸಿದ.

ಆಗ ಚಹಾದ ಅಕ್ಕ ಬಂದಳು. ಕಚೇರಿಗೆ ಎರಡು ಹೊತ್ತು ಚಹಾ ಹಂಚುವವಳು. ಚಹಾಕ್ಕಿಂತ ಸಲಹೆ ಗಟ್ಟಿ. ಮಗುಚಿ ಹಾಕಿದ್ದ ಹೊಸ ಬಕೆಟ್ಟಿನ ಮೇಲೆ ಕೂತು ಕತೆಯನ್ನೆಲ್ಲ ಕೇಳಿದಳು.

“ಅಲ್ಲಪ್ಪ, ಕಾರಣ ಕೇಳೋದು ಇರೋದಕ್ಕೆ ತಾನೆ? ಇಲ್ಲದ್ದಕ್ಕೆ ಯಾರು ಕೇಳ್ತಾರೆ? ನನಗಿಬ್ಬರು ಸೊಸೇರು. ಮನೇಲಿರೋಳ ಮೇಲೆ ದಿನಾ ನೂರು ತಕರಾರು. ತವರಿಗೆ ಹೋಗಿ ಕೂತೋಳ ಮೇಲೆ ಒಂದೂ ಇಲ್ಲ. ಇರೋದು ಕಷ್ಟ. ಇಲ್ದೇ ಇರೋದಕ್ಕೆ ಖರ್ಚೇ ಇಲ್ಲ ನೋಡು.”

ಇಲ್ಲಪ್ಪನ ಮುಖ ಹೊಸ ನಲ್ಲಿಯಂತೆ ಹೊಳೆಯಿತು. ವಸ್ತು ಇದ್ದರೆ ಕಾರಣ ಬೇಕು. ವಸ್ತುವೇ ಇಲ್ಲದಿದ್ದರೆ ಯಾವ ಕಾರಣ, ಯಾವ ಕಾಲಂ? ಹನ್ನೊಂದು ವರ್ಷ ಬಾಯಲ್ಲಿ ಹೇಳಿದ ‘ಇಲ್ಲ’ವನ್ನು ಈಗ ನಿಜ ಮಾಡಿದರಾಯಿತು.

“ಯಾರ್‍ಯಾರ ಹತ್ರ ಬೇಡಿಕೆ ಚೀಟಿ ಇದೆಯೋ ತನ್ನಿ,” ಎಂದ. “ಏನು ಕೇಳಿದ್ರೂ ಕೊಡ್ತೀನಿ.”

ಮೊದಲು ಯಾರೂ ನಂಬಲಿಲ್ಲ. ಡ್ರೈವರ್ ಅವನ ಹಣೆ ಮುಟ್ಟಿ ನೋಡಿದ. ಆಮೇಲೆ ಗುಮಾಸ್ತರು ಕನ್ನಡಕದ ಡಬ್ಬಿಯಿಂದ ಒಂಬತ್ತು ವರ್ಷ ಹಳೆಯ ಚೀಟಿಯೊಂದನ್ನು ತೆಗೆದರು. ನಾಲ್ಕು ಮಡಿಕೆಯಾಗಿ ಹಳದಿ ತಿರುಗಿದ ಚೀಟಿ. ಫ್ಯಾನು, ಒಂದು.

“ತಗೊಳ್ಳಿ,” ಎಂದ ಇಲ್ಲಪ್ಪ. ಆ ಮಾತು ರೂಢಿಯಿಲ್ಲದ ಗಂಟಲು ಒಡೆದ ಕೊಳಲಿನಂತೆ ಕೀರಲಾಯಿತು.

ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದಂತಾಯಿತು. ಇಡೀ ಕಚೇರಿ ಇರುವೆಯಂತೆ ಮುತ್ತಿತು. ಡ್ರೈವರ್ ಎರಡು ಟೈರು ಉರುಳಿಸಿಕೊಂಡು ಹೋದ. ರಿಪೇರಿ ಗ್ಯಾಂಗಿನವರು ಪೈಪು, ನಟ್ಟು, ಬೋಲ್ಟುಗಳನ್ನು ಲಾರಿಗೆ ತುಂಬಿದರು. ಸದಾ ನಾಲ್ಕೂ ಹತ್ತನ್ನೇ ತೋರಿಸುವ ಗಡಿಯಾರಕ್ಕಾಗಿ ಇಬ್ಬರು ಜಗ್ಗಾಡಿದರು. ಒಬ್ಬನಿಗೆ ಗಡಿಯಾರ, ಒಬ್ಬನಿಗೆ ಮುಳ್ಳು ಸಿಕ್ಕಿತು. ಚಹಾದ ಅಕ್ಕ ಕೂತ ಬಕೆಟ್ಟನ್ನೇ ಎತ್ತಿಕೊಂಡು ಎದ್ದಳು. ಏಣಿ ಎಳೆಯುವಾಗ ಬೀರು ಕುಸಿದು ಒಂದು ಕ್ವಿಂಟಲ್ ಸುಣ್ಣ ಇಲ್ಲಪ್ಪನ ಮೈಮೇಲೆ ಸುರಿಯಿತು. ಆ ಬೀರುವನ್ನೂ ಹೊತ್ತುಕೊಂಡು ಹೋದರು. ಅವನ ಮೇಜು ಕುರ್ಚಿಗೂ ಚೀಟಿ ಬಂತು, ಕೊಟ್ಟ. ಕೊನೆಗೆ ಯಾರಿಗೂ ಬೇಡವಾಗಿ ಉಳಿದದ್ದು ಮೂರು ಕಾಲಿನ ಒಂದು ಕುರ್ಚಿ.

“ದೂರು ಕೌಂಟರಿಗೆ ಇರಲಿ,” ಎಂದು ಗುಮಾಸ್ತರು ಸಹಿ ಹಾಕಿ ಅದನ್ನೂ ಎತ್ತಿಸಿದರು. “ಅಲ್ಲಿ ಹೇಗೂ ಯಾರೂ ಬಹಳ ದಿನ ಕೂರಲ್ಲ.”

ಮೂರೂವರೆಗೆ ಉಗ್ರಾಣ ತೊಳೆದ ತಟ್ಟೆಯಂತಿತ್ತು. ಕೆಮ್ಮಿದರೆ ಎರಡು ಸಲ ಕೇಳುತ್ತಿತ್ತು. ಮೂಲೆಯ ಜೇಡ ಕೂಡ ಬಲೆ ಕಟ್ಟಲು ಆಧಾರ ಸಿಗದೆ ಹೊರಟುಹೋಗಿತ್ತು. ಇಲ್ಲಪ್ಪ ನೆಲ ಗುಡಿಸಿ, ಪೊರಕೆಯನ್ನೂ ದಾನ ಮಾಡಿ, ನಮೂನೆಯನ್ನು ಗೋಡೆಗೆ ಒತ್ತಿಟ್ಟು ಉದ್ದಕ್ಕೆ ಬರೆದ: ‘ಏನೂ ಇಲ್ಲ.’ ಐದನೆಯ ಕಾಲಂಗೆ ದಪ್ಪನೆಯದೊಂದು ಗೆರೆ ಎಳೆದು ಸಹಿ ಮಾಡಿದ. ಲೋಕ ಹುಟ್ಟುವ ಮುಂಚೆ ಎಷ್ಟು ನೆಮ್ಮದಿ ಇತ್ತೋ ಅಷ್ಟು ನೆಮ್ಮದಿ ಅವನಿಗೆ.

ನಾಲ್ಕಕ್ಕೆ ಸರಿಯಾಗಿ ತಪಾಸಣಾಧಿಕಾರಿ ಬಂದರು. ಕೊರಳಿಗೆ ಕನ್ನಡಕ ತೂಗುಹಾಕಿಕೊಂಡ, ದನಿ ಎತ್ತದ ಹೆಂಗಸು. ನಾಲ್ಕೂ ಗೋಡೆ ನೋಡಿದರು. ಸುಣ್ಣ ಮೆತ್ತಿದ ಇಲ್ಲಪ್ಪನನ್ನು ಐದನೆಯ ಗೋಡೆ ಎಂದುಕೊಂಡು ಮುಂದೆ ಹೋಗಿ, ಆಮೇಲೆ ಹಿಂತಿರುಗಿದರು.

“ಇಪ್ಪತ್ತೆರಡು ಉಗ್ರಾಣ ನೋಡಿ ಬಂದೆ. ಇಂಥದ್ದು ಇದೇ ಮೊದಲು,” ಎಂದರು.

ಇಲ್ಲಪ್ಪ ಉಬ್ಬಿದ. “ಬೇರೆಯವರೆಲ್ಲ ಐದನೇ ಕಾಲಂಗೆ ಏನು ಬರೆದಿದ್ರು ಮೇಡಂ?”

“ಎಲ್ಲರದೂ ಒಂದೇ. ‘ಬೇಕಾಗಬಹುದು’ ಅಂತ.”

“ಅದಕ್ಕೆ ತಾವು?”

“ಸರಿ ಅಂತ ಸಹಿ ಹಾಕ್ದೆ. ಇನ್ನೇನು ಮಾಡ್ಲಿ?”

ಮೇಡಂ ನಮೂನೆಯ ಹಾಳೆ ಮಗುಚಿದರು. ಹಿಂಬದಿಯಲ್ಲಿ ಅಚ್ಚು ಮಾಡಿದ ಒಂದೇ ಒಂದು ಸಾಲಿತ್ತು. ಇಲ್ಲಪ್ಪ ಆ ಕಡೆ ನೋಡಿಯೇ ಇರಲಿಲ್ಲ.

“ವಸ್ತು, ಸ್ಟೋರ್‌ಕೀಪರ್. ಎಷ್ಟಿದೆ, ಒಂದು. ಹೇಗಿದೆ…” ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ‘ಸಾಧಾರಣ’ ಎಂದು ಬರೆದುಕೊಂಡರು. “ಏಕೆ ಇದೆ?”

ಇಲ್ಲಪ್ಪ ಸುತ್ತ ನೋಡಿದ. ಬೆರಳು ತೋರಿಸಲು ಒಂದು ನಟ್ಟೂ ಇರಲಿಲ್ಲ.

“ಒಂದು ನಿಮಿಷ ಮೇಡಂ,” ಎಂದು ಓಡಿದ. ಒಂದು ಬಲ್ಬಾದರೂ ವಾಪಸು ಸಿಕ್ಕರೆ ಸಾಕಿತ್ತು, ತಾನು ಅದರ ಕಾವಲಿಗೆ ಇದ್ದೇನೆ ಅನ್ನಬಹುದಿತ್ತು. ಹೊಸ ಫ್ಯಾನಿನ ಕೆಳಗೆ ಕಣ್ಣು ಮುಚ್ಚಿ ಕೂತಿದ್ದ ಗುಮಾಸ್ತರು ಕಣ್ಣು ತೆರೆಯದೆಯೇ ಹೇಳಿದರು, “ಇಲ್ಲಪ್ಪ.” ಡ್ರೈವರ್ ಜೀಪಿನಡಿಯಿಂದ ಹೇಳಿದ, “ಇಲ್ಲಪ್ಪ.” ಚಹಾದ ಅಕ್ಕ ಮಾತ್ರ ಒಳ್ಳೆಯವಳು, ವಿವರವಾಗಿ ಹೇಳಿದಳು: “ಪಾತ್ರೆ ತೊಳೆಯೋಕೆ ನೀರು ತುಂಬಿಬಿಟ್ಟಿದೀನಿ, ಇಲ್ಲಪ್ಪ.”

ಬರಿಗೈಯಲ್ಲಿ ತಿರುಗಿ ಬಂದು ಕೈ ಮುಗಿದ. “ನನ್ನ ಮುಂದೂ ‘ಬೇಕಾಗಬಹುದು’ ಅಂತ ಬರ್‍ಕೊಳ್ಳಿ ಮೇಡಂ.”

“ಬರೀತೀನಿ. ಎಲ್ಲಿ ಬೇಕಾಗಬಹುದು?”

ತಮಾಷೆ ನೋಡಲು ಹಿಂದೆಯೇ ಬಂದಿದ್ದ ಗುಮಾಸ್ತರು ಉತ್ತರ ಕೊಟ್ಟರು. ಈ ಸಲ ಅವರು ಯಾವ ಆಕ್ಷೇಪಣೆಯನ್ನೂ ಎತ್ತಲಿಲ್ಲ.

ನಾಲ್ಕೂವರೆಗೆ ಇಲ್ಲಪ್ಪ ದೂರು ಕೌಂಟರಿನಲ್ಲಿ, ಇಟ್ಟಿಗೆ ಕೊಟ್ಟು ನಿಲ್ಲಿಸಿದ ಮೂರು ಕಾಲಿನ ಕುರ್ಚಿಯ ತುದಿಯಲ್ಲಿ ಕೂತಿದ್ದ. ಕಿಟಕಿ ತೆರೆದದ್ದೇ ತಡ, ಮೂರು ವಾರದ ಸಾಲು ಒಳಕ್ಕೆ ನುಗ್ಗಿತು. ಮುಂದೆ ಒಬ್ಬ ಅಜ್ಜಿ. ಖಾಲಿ ಕೊಡವನ್ನು ಕಟ್ಟೆಯ ಮೇಲೆ ಕುಕ್ಕಿ, ಅವನ ಉಳಿದ ಆಯುಸ್ಸಿಗೆಲ್ಲ ಸಾಕಾಗುವಷ್ಟು ದೊಡ್ಡ ದನಿಯಲ್ಲಿ ಕೇಳಿದಳು:

“ನೀರು ಯಾಕಿಲ್ಲ?”

ಇಲ್ಲಪ್ಪ ದೂರಿನ ಪುಸ್ತಕ ಬಿಚ್ಚಿದ. ಅದರಲ್ಲೂ ಐದು ಕಾಲಂ ಇದ್ದವು. ನಾಲ್ಕನ್ನು ಅಜ್ಜಿಯೇ ಹೇಳಿ ಬರೆಸಿದಳು. ಐದನೆಯದರ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು: ‘ಏಕೆ ಇಲ್ಲ?’