ಸೋಮವ್ವನ ಎದೆನೋವಿಗೆ ನನ್ನ ವಕಾಲತ್ತು

ನಮ್ಮ ಮನೆಯಲ್ಲಿ ಯಾರಿಗೇ ಜಡ್ಡು ಬರಲಿ, ಡಾಕ್ಟರ ಮುಂದೆ ಬಾಯಿ ಬಿಡುವ ಹಕ್ಕು ನನ್ನದು. ನಮ್ಮವ್ವನ ಮೊಣಕಾಲು ನೋವನ್ನು ಅವಳಿರುವವರೆಗೂ ನಾನೇ ವರ್ಣಿಸಿದೆ. ಮಗಳ ಹೆರಿಗೆ ಬೇನೆಯನ್ನೂ ನಾನೇ ನಿವೇದಿಸಿಕೊಂಡೆ (ಲೇಡಿ ಡಾಕ್ಟರು ನನ್ನನ್ನು ಹೊರಗೆ ಕಳಿಸಿದರು, ಅದು ಬೇರೆ ಮಾತು). ನಾನು ರಾಮದುರ್ಗ–ಸವದತ್ತಿ ಬಸ್ಸಿನಲ್ಲಿ ಕಂಡಕ್ಟರಾಗಿ ರಿಟೈರಾದವನು. ಹೆಂಗಸರು ಎಲ್ಲಿ ಇಳಿಯಬೇಕೆಂಬುದನ್ನೂ ಅವರ ಗಂಡಂದಿರೇ ಹೇಳುವುದನ್ನು ಕೇಳಿ ಕೇಳಿ, ಸಂಸಾರ ನಡೆಯುವುದೇ ಹೀಗೆ ಎಂದು ತಿಳಿದಿದ್ದೆ.

ಎರಡು ಸಾವಿರದ ನಾಲ್ಕರಲ್ಲಿ ನನ್ನ ಹೆಂಡತಿ ಸೋಮವ್ವನಿಗೆ ಎದೆ ಹಿಡಿಯತೊಡಗಿತು. ರೊಟ್ಟಿ ಬಡಿಯುತ್ತಿದ್ದವಳು ತಟ್ಟನೆ ಕೈ ಬಿಟ್ಟು ಎದೆ ಒತ್ತಿಕೊಂಡು ಕೂತುಬಿಡುವಳು. ನನಗೆ ನಿಜವಾಗಿ ಹೆದರಿಕೆಯಾಯಿತು. ಸುರೇಬಾನದಲ್ಲಿದ್ದ ಅವಳ ಅಣ್ಣ ಯಮನಪ್ಪ ಹಿಂದಿನ ವರ್ಷವಷ್ಟೇ ಹೀಗೇ ಎದೆ ಹಿಡಿದುಕೊಂಡು ಬೆಳಗಾವಿಗೆಂದು ಜೀಪು ಹತ್ತಿದ್ದ. ನೇಸರಗಿ ದಾಟುವುದರೊಳಗೆ ಜೀವ ಹೋಯಿತು. ಅವನ ತಲೆ ನನ್ನ ತೊಡೆಯ ಮೇಲಿತ್ತು.

ಅಷ್ಟರಲ್ಲಿ ನಮ್ಮೂರ ದವಾಖಾನೆಯ ಮಾಳಿಗೆಯ ಮೇಲೆ ದೊಡ್ಡದೊಂದು ಡಿಶ್ ಛತ್ರಿ ಏರಿತು, ಒಳಗೊಂದು ಟಿವಿ ಬಂತು. ಗುರುವಾರಕ್ಕೊಮ್ಮೆ ಬೆಂಗಳೂರಿನ ಹೃದಯದ ಡಾಕ್ಟರು ಅದರಲ್ಲಿ ಪ್ರತ್ಯಕ್ಷರಾಗಿ, ನಮ್ಮವರ ಎದೆಯನ್ನು ಅಲ್ಲಿಂದಲೇ ಪರಾಂಬರಿಸುತ್ತಾರೆಂದು ಸುದ್ದಿ.

“ಗುರುವಾರ ಹೋಗೂಣು, ತಯಾರಾಗು,” ಎಂದೆ.

“ನಾ ಒಲ್ಲೆ. ಮೈ ಮುಟ್ಟಲಾರದ, ನಾಡಿ ಹಿಡೀಲಾರದ ಅದೆಂಥಾ ಡಾಕ್ಟರ್ರಿ?”

“ಹುಚ್ಚಿ, ಇದು ವಿಜ್ಞಾನ. ನಿಮ್ಮಣ್ಣನ ಕಾಲಕ್ಕ ಇದು ಇದ್ದಿದ್ರ ಅಂವಾ ಜೀಪ ಹತ್ತತಿರಲಿಲ್ಲ.”

“ಅಷ್ಟ ನಂಬಿಗಿ ಇದ್ರ ನೀವ ತೋರಸ್ಕೋರಿ.”

“ನನಗೇನಾಗೇತಿ?”

ಸೋಮವ್ವ ನನ್ನನ್ನು ಒಂದು ಗಳಿಗೆ ನೋಡಿದಳು. “ಆತು, ಬರತೇನಿ. ಖರೆ, ನೀವೂ ಒಳಗ ಬರಬೇಕು,” ಎಂದಳು. ನಾನು ಗೆದ್ದೆನೆಂದುಕೊಂಡೆ.

ಗುರುವಾರ ಅವಳು ಬೀಗರ ಮನೆಗೆ ಹೊರಟವರಂತೆ ಇಳಕಲ್ಲ ಸೀರೆ ಉಟ್ಟಳು. ದವಾಖಾನೆಯ ದಾರಿ ಸ್ವಲ್ಪ ಏರು. ಅವಳಿಗೆ ಆಯಾಸವಾಗಬಾರದೆಂದು ನಾನೇ ಅಲ್ಲಲ್ಲಿ ನಿಂತೆ.

“ನನಗೇನಾಗಿಲ್ಲ, ನಡೀರಿ,” ಎಂದಳು.

“ನಿನಗ ತಿಳಿಯಾಂಗಿಲ್ಲ. ನಿಂದ್ರು.”

ದವಾಖಾನೆಯ ಬಾಕಿನ ಮೇಲೆ ಬಾಯವ್ವ ಎಂಬ ಮುದುಕಿ ಅಳುಕುತ್ತ ಕೂತಿದ್ದಳು. “ಟಿವಿಯೊಳಗಿನವ್ರಿಗೆ ನಮ್ಮ ಎದಿಯೊಳಗಿಂದು ತಿಳೀತೈತೇನೋ ಯಪ್ಪಾ?” ಎಂದು ಕೇಳಿದಳು. “ಎಲ್ಲಾ ತಿಳೀತೈತಿ ಬೇ, ಏನೂ ಮುಚ್ಚಿಡಾಕ ಬರಾಂಗಿಲ್ಲ,” ಎಂದು ಧೈರ್ಯ ತುಂಬಿದೆ. ಮುದುಕಿ ಇನ್ನಷ್ಟು ಅಳುಕಿದಳು.

ಸಿಸ್ಟರ್ ಸೋಮವ್ವನ ಇಸಿಜಿ ತೆಗೆದು ಬೆಂಗಳೂರಿಗೆ ಕಳಿಸಿದಳು. ನಮ್ಮನ್ನು ಟಿವಿಯ ಮುಂದೆ ಕೂಡಿಸಿದಳು. ಸೋಮವ್ವ ತಲೆಯ ಮೇಲಿನ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಟಿವಿಯಲ್ಲಿ ಕನ್ನಡಕದ ಡಾಕ್ಟರು ಮೂಡಿದರು. ತುಟಿ ಮೊದಲು ಅಲ್ಲಾಡಿತು, ಮಾತು ಆಮೇಲೆ ಬಂತು.

“ನಮಸ್ಕಾರಮ್ಮ. ನೋವು ಯಾವಾಗ ಬರುತ್ತೆ?”

ಪರ ಗಂಡಸಿನ ಮುಂದೆ ಅವಳು ಮಾತಾಡುವವಳಲ್ಲ, ನನ್ನ ಮುಖ ನೋಡಿದಳು. ನಾನು ಕುರ್ಚಿ ಮುಂದೆ ಎಳೆದುಕೊಂಡೆ. ನೋವು ಯಾವಾಗ ಬರುತ್ತದೆಂದು ನಾನು ಅವಳನ್ನು ಕೇಳಿಯೇ ಇಲ್ಲವೆಂಬುದು ಆಗ ಹೊಳೆಯಿತು. ಅದಕ್ಕೇನಂತೆ, ಎದೆನೋವೆಂದರೆ ಎಲ್ಲರದೂ ಒಂದೇ.

“ಏರ ಹತ್ತುವಾಗ್ರಿ,” ಎಂದೆ. “ಉಂಡ ಮ್ಯಾಲೆ ನಡದ್ರಂತೂ ಎದಿ ಮ್ಯಾಲೆ ಜ್ವಾಳದ ಚೀಲ ಇಟ್ಟಂಗ ಆಗತೈತ್ರಿ. ನಿಂತ್ರ ಕಡಿಮಿ ಆಗತೈತಿ.”

“ಬೇರೆ ಕಡೆ ಹರಡುತ್ತಾ?”

“ಎಡಗೈ ಜೋಮ ಹಿಡಿತೈತ್ರಿ. ಗದ್ದ ಜಗ್ಗತೈತಿ.” ಡಾಕ್ಟರು ಗಮನವಿಟ್ಟು ಬರೆದುಕೊಳ್ಳುತ್ತಿದ್ದರು. ಅದನ್ನು ಕಂಡು ನನಗೆ ಹುರುಪು ಬಂತು. “ಮುಂಜಾನೆ ದಾಡಿ ಮಾಡ್ಕೊಳ್ಳೂ ಮುಂದ ಭಾಳ ತ್ರಾಸರಿ. ಅರ್ಧಕ್ಕ ಬಿಟ್ಟು ಕುಂದರಬೇಕಾಗತೈತಿ.”

ಡಾಕ್ಟರು ಪೆನ್ನು ಕೆಳಗಿಟ್ಟರು.

“ಯಜಮಾನ್ರೆ, ಅಮ್ಮನವರು ಗಡ್ಡ ಮಾಡ್ಕೋತಾರಾ?”

ಸಿಸ್ಟರ್ ಗೋಡೆಯ ಕಡೆ ತಿರುಗಿದಳು. ಒಂದು ಬಸ್ಸು ಜನಕ್ಕೆ ಒಬ್ಬನೇ ಉತ್ತರ ಕೊಟ್ಟು ಬಾಳಿದ ನಾನು ಕುರ್ಚಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದೆ.

“ಅಮ್ಮನವರ ಇಸಿಜಿ ಸರಿಯಾಗಿದೆ,” ಎಂದರು ಡಾಕ್ಟರು. “ಇಷ್ಟು ಹೊತ್ತು ನೀವು ಹೇಳಿದ್ದು ಯಾರ ನೋವು?”

“ನಂದು ಬರೇ ವಾಯು ರೀ,” ಎಂದೆ. “ಅಲ್ರಿ ಸಾಹೇಬ್ರ, ಅಷ್ಟ ದೂರ ಕುಂತು ನಿಮಗ ಹೆಂಗ ತಿಳೀತೈತಿ? ಮೈ ಮುಟ್ಟಿಲ್ಲ, ನಾಡಿ ಹಿಡದಿಲ್ಲ.”

ಈ ಮಾತು ನನ್ನ ಬಾಯಿಂದಲೇ ಬಂದದ್ದು ನನಗೂ ಕೇಳಿಸಿತು. ನಾಚಿಕೆಯಾಗಿ ಏಳಲು ಹೋದೆ. ಸೋಮವ್ವ ನನ್ನ ರಟ್ಟೆ ಹಿಡಿದಳು. “ಕುಂದರ್ರಿ,” ಎಂದಳು.

ಡಾಕ್ಟರು ನನ್ನನ್ನು ಅಲ್ಲಿಗೇ ಬಿಟ್ಟು ಅವಳತ್ತ ತಿರುಗಿದರು. “ಅಮ್ಮ, ಈಗ ನೀವೇ ಹೇಳಿ. ನಿಮಗೆ ಎದೆ ಹಿಡಿಯೋದು ಯಾವಾಗ?”

ಅವಳ ನೋವನ್ನು ಅವಳನ್ನೇ ಕೇಳಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಸೋಮವ್ವ ಸೆರಗನ್ನು ಹಿಂದೆ ಸರಿಸಿ, ಟಿವಿಯಲ್ಲಿದ್ದ ಆ ಪರ ಗಂಡಸಿನ ಮುಖವನ್ನು ನೇರವಾಗಿ ನೋಡಿದಳು.

“ಇವರು ಗ್ವಾಡಿ ಹಿಡ್ಕೊಂಡ ನಿಂದರತಾರಲ್ರಿ, ಆವಾಗ. ಅಡಗಿ ಮನ್ಯಾಗಿಂದ ಕಾಣತೈತ್ರಿ.”

ಅವಳ ಕೈ ಇನ್ನೂ ನನ್ನ ರಟ್ಟೆಯ ಮೇಲಿತ್ತು. ಡಾಕ್ಟರು ನನ್ನನ್ನು ಮತ್ತೇನೂ ಕೇಳದೆ, ಇವರದೂ ಇಸಿಜಿ ತೆಗೆಯಿರಿ ಎಂದರು. ಸಿಸ್ಟರ್ ಬಂದು, ಅಂಗಿ ಬಿಚ್ಚಿ ಮಲಗಿರೆಂದಳು. ಬಾಯಿ ಮುಚ್ಚಿಕೊಂಡು ಗುಂಡಿ ಬಿಚ್ಚಿದೆ.